ಅಕ್ಕ ಕಟ್ ಮಾಡಿದರೆ ನಿಜ

ನನ್ನ ಓರಗಿತ್ತಿಗೆ ಫೋನೇ ಬೇಕಾಗಿಲ್ಲ ಎಂದು ಮನೆಯಲ್ಲಿ ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ದೇವನಹಳ್ಳಿ ಕಡೆಯ ವಿಜಯಪುರದಿಂದ ಎರಡು ಕಿಲೋಮೀಟರ್ ಆಚೆ, ನಮ್ಮ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ನಿಂತು ಅವಳು ಮಾತಾಡಿದರೆ ಆ ಕಡೆಯವರ ಫೋನು ಕೆಟ್ಟಿದ್ದರೂ ಕೇಳಿಸುತ್ತದೆ ಎನ್ನುತ್ತಿದ್ದ ನನ್ನ ಗಂಡ. ಅವಳು ಅವನ ಅಣ್ಣನ ಹೆಂಡತಿ. ನನಗಿಂತ ಒಂಬತ್ತು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತೇನೆ. ಮದುವೆಯಾಗಿ ಬಂದ ಮೊದಲ ವಾರ ಅವಳ ದನಿಗೆ ಹೆದರಿ ಅಡುಗೆಮನೆಯಲ್ಲಿ ಲೋಟ ಬೀಳಿಸಿದ್ದೇನೆ. ಬೈದಳೆಂದುಕೊಂಡಿದ್ದೆ. ಕಾಫಿ ಕುಡಿಯೋಣ ಬಾ ಎಂದು ಕರೆದಿದ್ದಳಂತೆ.

ಅಕ್ಕ ಚಾಕಿ ಕೇಂದ್ರ ನಡೆಸುತ್ತಾಳೆ. ಚಾಕಿ ಕೇಂದ್ರವೆಂದರೆ ರೇಷ್ಮೆ ಹುಳುಗಳ ಬಾಲವಾಡಿ. ಮೊಟ್ಟೆ ಒಡೆಸಿ, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ, ಎರಡು ಜ್ವರದವರೆಗೆ ಸಾಕಿ, ಆಮೇಲೆ ರೈತರ ಮನೆಗೆ ಕಳಿಸುವುದು. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ಕೂತು ಪೊರೆ ಬಿಡುವ ಹೊತ್ತಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಮೊಟ್ಟೆ ಒಡೆದ ದಿನ ಒಂದು, ಮೊದಲ ಜ್ವರದ ದಿನ ಒಂದು, ವ್ಯಾನು ಹೊರಡುವ ಹಿಂದಿನ ದಿನ ಇನ್ನೊಂದು, ಹೀಗೆ ಪ್ರತಿ ಬ್ಯಾಚಿಗೂ ಅರವತ್ತು ರೈತರಿಗೆ ತಲಾ ಮೂರು ಸಲ ಅವಳೇ ಫೋನು ಮಾಡುತ್ತಿದ್ದಳು. ಫೋನು ಅಂದರೆ ಸುಮ್ಮನೆ ವಿಷಯ ತಿಳಿಸುವುದಲ್ಲ.

"ಹುಳುಮನೆ ತೊಳೆದ್ರಾ? ಬ್ಲೀಚಿಂಗ್ ಹೊಡೆದ್ರಾ? ಹೊಡೆದಿಲ್ಲ ಅಂದ್ರೆ ಇವತ್ತೇ ಹೊಡೀರಿ. ನಾನು ಹುಳ ಸಾಕಿ ಕಳ್ಸೋದು ಸಾಯ್ಸೋಕಲ್ಲ ಕಣ್ರೀ!"

ಹೀಗೆ ಹದಿನಾಲ್ಕು ವರ್ಷ. ಒಂದು ದಿನ ಗಂಟಲು ಕಟ್ಟಿತು. ಶುಂಠಿ ಕಷಾಯ, ಮೆಣಸು, ಜೇನುತುಪ್ಪ, ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ನಾನೇ ದೇವನಹಳ್ಳಿಗೆ ಎಳೆದುಕೊಂಡು ಹೋದೆ. ಗಂಟಲು ಡಾಕ್ಟರು ಕೊಳವೆ ಬಿಟ್ಟು ನೋಡಿ, ದನಿ ಹುಟ್ಟುವ ಜಾಗದಲ್ಲೇ ಎರಡು ಗಂಟು ಕೂತಿವೆ ಎಂದರು. "ಒಂದು ತಿಂಗಳು ಮಾತೇ ಆಡಬಾರದು. ಪಿಸುಮಾತೂ ಬೇಡ. ಆಡಿದ್ರೆ ಆಪರೇಷನ್ನೇ. ಆಮೇಲೆ ಬರೋ ದನಿ ನಿಮ್ಮದೇ ಥರ ಇರುತ್ತೆ ಅಂತ ನಾನು ಹೇಳಲ್ಲ."

ಅಕ್ಕ ಬಾಯಿ ತೆರೆದಳು. ನಾನು ಕಣ್ಣು ಬಿಟ್ಟೆ. ಬಾಯಿ ಮುಚ್ಚಿದಳು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಮಕ್ಕಳ ಸ್ಲೇಟೊಂದನ್ನು ಕೊಂಡೆವು. ಬಸ್ಸಿನಲ್ಲಿ ಕೂತು ಅವಳು ಮೊದಲು ಬರೆದದ್ದು: "ಹುಳ?"

ನಾಲ್ಕು ದಿನಕ್ಕೆ ಹೊಸ ಬ್ಯಾಚಿನ ಮೊಟ್ಟೆ ಒಡೆಯುವುದಿತ್ತು. ಅರವತ್ತು ಜನಕ್ಕೆ ಹೇಳುವವರು ಯಾರು?

ನಾನು ಎಂದೆ, "ಅದನ್ನ ನನಗೆ ಬಿಡು." ನನ್ನ ಬಗ್ಗೆ ನನಗಿರುವ ಅಭಿಪ್ರಾಯ ಯಾವತ್ತೂ ದೊಡ್ಡದೇ. ಹನ್ನೊಂದು ವರ್ಷ ದೇವನಹಳ್ಳಿಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಪಾಠ ಮಾಡಿದವಳು. ಕೇಂದ್ರಕ್ಕೆಂದು ಒಂದು ಸಣ್ಣ ವೆಬ್ ಆ್ಯಪ್ ಅನ್ನು ಆಗಲೇ ಬರೆದುಕೊಟ್ಟಿದ್ದೆ. ಯಾವ ಬ್ಯಾಚು ಯಾವ ಹಂತದಲ್ಲಿದೆ, ಯಾರು ಎಷ್ಟು ಹುಳು ಕೇಳಿದ್ದಾರೆ ಎಂಬುದೆಲ್ಲ ಅದರಲ್ಲಿತ್ತು. ಅಕ್ಕ ಅದರ ಬಟನ್ನುಗಳನ್ನು ಒತ್ತುತ್ತಿದ್ದಳು, ಒತ್ತಿ ಮತ್ತೆ ಫೋನೇ ಮಾಡುತ್ತಿದ್ದಳು. ಇನ್ನೊಂದು ಕಡೆ ನಮ್ಮ ಅರವತ್ತು ರೈತರೂ ಸೇರಿಕೊಂಡಿರುವ ರೇಷ್ಮೆ ಬೆಳೆಗಾರರ ಗುಂಪಿಗೆ ಬೇರೆಯದೇ ಆ್ಯಪ್ ಇತ್ತು, ಎಲ್ಲರ ಮೊಬೈಲಿನಲ್ಲೂ ಇತ್ತು. ಅದನ್ನು ಬರೆದವಳು ನನ್ನ ಹಳೆಯ ವಿದ್ಯಾರ್ಥಿನಿ.

ಅವಳಿಗೆ ಫೋನು ಮಾಡಿದೆ. "ಮಿಸ್, ಸುಲಭ. ನೀವು ವೆಬ್‌ಹುಕ್ ಹಾಕಿಬಿಡಿ," ಎಂದಳು. ಏಳನೇ ಕ್ಲಾಸಿನಲ್ಲಿ ಕೀಬೋರ್ಡಿನ ಮೇಲೆ ಒಂದೇ ಬೆರಳು ಇಟ್ಟುಕೊಂಡು ಕೂರುತ್ತಿದ್ದ ಹುಡುಗಿ.

ವೆಬ್‌ಹುಕ್ಕಿನ ವಿಷಯ ದೊಡ್ಡದೇನಲ್ಲ. ಅವಳ ಆ್ಯಪ್ ಐದು ನಿಮಿಷಕ್ಕೊಮ್ಮೆ ನಮ್ಮ ಆ್ಯಪಿನ ಬಾಗಿಲಿಗೆ ಬಂದು "ಮೊಟ್ಟೆ ಒಡೀತಾ, ಮೊಟ್ಟೆ ಒಡೀತಾ" ಎಂದು ಕೇಳುತ್ತಾ ಕೂರುವ ಬದಲು, ಒಡೆದಾಗ ನಮ್ಮ ಆ್ಯಪೇ ಅವಳ ವಿಳಾಸಕ್ಕೆ ಸುದ್ದಿ ಮುಟ್ಟಿಸುತ್ತದೆ. ಅವಳ ಸರ್ವರ್ 200 ಎಂಬ ಅಂಕಿಯನ್ನು ವಾಪಸು ಕೊಟ್ಟರೆ ಸುದ್ದಿ ತಲುಪಿತು ಎಂದರ್ಥ. ಆಮೇಲೆ ಅರವತ್ತು ಮೊಬೈಲುಗಳಿಗೆ ಹಂಚುವುದು ಅವಳ ಕೆಲಸ.

"ಅದಕ್ಕೊಂದು ಒಳ್ಳೇ ಲೈಬ್ರರಿ ಇದೆ ಮಿಸ್, ಲಿಂಕ್ ಕಳಿಸ್ತೀನಿ. ಯಾರೋ ಬರೆದು, ಎಲ್ಲ ಪರೀಕ್ಷೆ ಮಾಡಿಟ್ಟಿರೋ ಕೋಡು."

"ಇಷ್ಟು ಚಿಕ್ಕ ಕೆಲಸಕ್ಕೆ ಲೈಬ್ರರಿ ಯಾಕೆ? ನಾನೇ ಬರೀತೀನಿ," ಎಂದೆ.

ಒಂದು ಮಧ್ಯಾಹ್ನದಲ್ಲಿ ಬರೆದೂಬಿಟ್ಟೆ. ಹದಿನೈದು ಸಾಲು. ಅಕ್ಕ ಬಟನ್ ಒತ್ತಿದರೆ ನೇರವಾಗಿ ಆ ಕಡೆಗೆ ಸುದ್ದಿ ಹೋಗಬೇಕು, 200 ಬರುವ ತನಕ ಬಟನ್ ಮೇಲೆ ಚಕ್ರ ತಿರುಗುತ್ತಿರಬೇಕು. ನೋಡಲು ಚೆನ್ನಾಗಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊಟ್ಟೆ ಒಡೆದ ಬೆಳಿಗ್ಗೆ ಕೇಂದ್ರದ ಟ್ರೇಗಳಲ್ಲಿ ಕಪ್ಪು ರಾಗಿ ಚೆಲ್ಲಿದ ಹಾಗೆ ಹುಳುಗಳು ಮಿಸುಕುತ್ತಿದ್ದವು. ಅಕ್ಕ ಕೈ ತೊಳೆದು ಬಂದು, ದೇವರ ಪಟಕ್ಕೊಂದು ನಮಸ್ಕಾರ ಹಾಕಿ, ಬಟನ್ ಒತ್ತಿದಳು. ಆ ದಿನ ಬೆಳೆಗಾರರ ಗುಂಪಿನ ಸರ್ವರ್ ನಿಧಾನವಿತ್ತು. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಅಕ್ಕ ಇನ್ನೊಮ್ಮೆ ಒತ್ತಿದಳು. ಫೋನಿನಲ್ಲಿ ಆ ಕಡೆಯವರು ಸುಮ್ಮನಿದ್ದರೆ "ಕೇಳಿಸ್ತಾ? ಹಲೋ? ಕೇಳಿಸ್ತಾ?" ಎಂದು ಕೂಗುವುದು ಅವಳ ಅಭ್ಯಾಸ. ಬಾಯಿಗೆ ಬೀಗ ಬಿದ್ದಿದ್ದರಿಂದ ಅಷ್ಟನ್ನೂ ಬೆರಳಿನಲ್ಲಿ ಕೂಗಿದಳು. ನಾನು ಓಡಿಬಂದು ಕೈ ಹಿಡಿಯುವಷ್ಟರಲ್ಲಿ ಏಳು ಸಲ ಒತ್ತಿಯಾಗಿತ್ತು.

ಏಳೂ ತಲುಪಿದವು. ಅರವತ್ತು ಮನೆಗಳಲ್ಲಿ ಏಳೇಳು ಸಲ ಮೊಬೈಲು ಬಡಿದುಕೊಂಡಿತು. ನಮ್ಮ ತಾಲೂಕಿನದೇ ಆದ ಚನ್ನರಾಯಪಟ್ಟಣದ ಕಡೆಯ ಹಿರಿಯ ರೈತರೊಬ್ಬರು, ಅಕ್ಕನ ಮೊದಲ ಬ್ಯಾಚಿನಿಂದಲೂ ಹುಳು ತೆಗೆದುಕೊಳ್ಳುವವರು, ಮೊಪೆಡ್ ಏರಿ ಬಂದೇಬಿಟ್ಟರು.

"ಏನಮ್ಮಾ, ಮೊಟ್ಟೆ ಏಳು ಸಲ ಒಡೀತಾ? ಮಶೀನಿಗೆ ಬುದ್ಧಿ ಗಿದ್ಧಿ ಕೆಟ್ಟೈತಾ?"

"ಇಲ್ಲ ತಾತ, ಒಂದೇ ಸಲ. ನಂದೇ ತಪ್ಪು," ಎಂದೆ. ಹಾಗೆನ್ನಲು ನನಗೆಷ್ಟು ಕಷ್ಟವಾಯಿತೆಂದು ನನ್ನನ್ನು ಬಲ್ಲವರಿಗೆ ಗೊತ್ತು. ಅಕ್ಕ ಹಿಂದೆ ನಿಂತು ಬೆರಳನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು.

ಮೊದಲ ಜ್ವರಕ್ಕೆ ಮೂರು ದಿನವಿತ್ತು. ಜಂಬವನ್ನೆಲ್ಲ ನುಂಗಿ ಹುಡುಗಿಗೆ ಫೋನು ಮಾಡಿ, "ಆ ಲೈಬ್ರರಿ ಯಾವುದಮ್ಮಾ?" ಎಂದೆ. ಅವಳು ನಗಲಿಲ್ಲ. ಒಳ್ಳೆಯ ಹುಡುಗಿ.

ಲೈಬ್ರರಿಯ ವಿವರಣೆ ಓದುತ್ತಾ ಹೋದಂತೆ, ಅದನ್ನು ಬರೆದವನ ಮನೆಯಲ್ಲೂ ನಮ್ಮಕ್ಕನಂಥವಳೊಬ್ಬಳು ಇದ್ದಿರಬೇಕು ಅನ್ನಿಸಿತು. ಬಟನ್ ಒತ್ತಿದ ತಕ್ಷಣ ಸುದ್ದಿಯನ್ನು ಒಂದು ಸಾಲಿನಲ್ಲಿ ನಿಲ್ಲಿಸಿ, ಒತ್ತಿದವರಿಗೆ "ಆಯ್ತು, ನೀವು ಹೋಗಿ" ಎನ್ನುತ್ತದೆ. ಕಳಿಸುವ ಕೆಲಸ ಹಿಂದೆ ತನ್ನಷ್ಟಕ್ಕೆ ನಡೆಯುತ್ತದೆ. ಪ್ರತಿ ಸುದ್ದಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಒಂದು ಬ್ಯಾಚಿನ ಒಂದು ಹಂತಕ್ಕೆ ಒಂದೇ ಸಂಖ್ಯೆ ಎಂದು ನಾನು ಗೊತ್ತುಮಾಡಿದೆ. ಅದೇ ಸಂಖ್ಯೆ ಇನ್ನೊಮ್ಮೆ ಬಂದರೆ ಆ ಕಡೆಯವರು ಬಿಟ್ಟುಬಿಡಬಹುದು. ಉತ್ತರ ಬರದಿದ್ದರೆ ಹತ್ತು ಸೆಕೆಂಡು ಬಿಟ್ಟು ಮತ್ತೆ ಪ್ರಯತ್ನ, ಆಮೇಲೆ ಒಂದು ನಿಮಿಷ, ಐದು ನಿಮಿಷ, ಅರ್ಧ ಗಂಟೆ. ಮೇಲೆ ಬೀಳದೆ, ಕೈಯನ್ನೂ ಬಿಡದೆ ಕೇಳುತ್ತದೆ. ಈ ಗುಣ ನನಗೂ ಇಲ್ಲ, ಅಕ್ಕನಿಗೂ ಇಲ್ಲ.

ಎಲ್ಲಕ್ಕಿಂತ ಇಷ್ಟವಾದದ್ದು ಅದರ ಸಹಿ. ನಮ್ಮಿಬ್ಬರ ಸರ್ವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದದಿಂದ ಪ್ರತಿ ಸುದ್ದಿಗೂ ಸಹಿ ಬೀಳುತ್ತದೆ. ಸಹಿ ಹೊಂದಿದರೆ ಮಾತ್ರ ಆ ಕಡೆ ನಂಬುತ್ತಾರೆ. ಇಲ್ಲದಿದ್ದರೆ ಯಾರು ಬೇಕಾದರೂ "ನಾಳೆ ವ್ಯಾನ್ ಬರುತ್ತೆ" ಎಂದು ಸುಳ್ಳು ಕಳಿಸಬಹುದಲ್ಲ. ಗುಟ್ಟನ್ನು ಚಾಟಿನಲ್ಲಿ ಕಳಿಸಬೇಡಿ ಎಂದು ಹುಡುಗಿ ಹೇಳಿದ್ದರಿಂದ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಭೇಟಿಯಾದೆವು. ನಲವತ್ತು ಅಕ್ಷರಗಳ ಆ ಗುಟ್ಟನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ಅವಳು ಅದನ್ನು ಮಡಿಸಿ ಟಿಫಿನ್ ಡಬ್ಬಿಯೊಳಗಿಟ್ಟಳು.

ಮೊದಲ ಜ್ವರದ ದಿನ ಬಂತು. ಹುಳುಗಳು ತಲೆಯೆತ್ತಿ ಕೂತವು, ತೇವ ಎಳೆಯಲೆಂದು ಅಕ್ಕ ಅವುಗಳ ಮೇಲೆ ಸುಣ್ಣದ ಪುಡಿ ಉದುರಿಸಿದಳು. ಬಟನ್ ಒತ್ತಿದಳು. ಒಂದೇ ಸಲ. ನನ್ನ ಪರದೆಯ ಮೇಲೆ ಹಸಿರು ಗುರುತು ಬಿತ್ತು: 200. ಅರವತ್ತು ಮೊಬೈಲಿಗೂ ಹೋಯಿತು ಎಂದು ಹುಡುಗಿ ತಿಳಿಸಿದಳು. ನನಗೆ ಕುಣಿಯುವಷ್ಟು ಸಂತೋಷ. ಅಕ್ಕನಿಗೆ ಕಾಫಿ ಮಾಡಿ ಕೊಟ್ಟೆ. ಲೋಟ ತುಟಿಗಿಡುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು.

"ಅಕ್ಕಾ, ಮೆಸೇಜ್ ಬಂತು. ನಿಜವಾ?"

ಫೋನು ಕಿತ್ತುಕೊಂಡು ನಾನು ಹೇಳಿದೆ, "ನಿಜ." ಇಟ್ಟೆ. ಇನ್ನೊಂದು. "ಮೊನ್ನೆ ಏಳು ಸಲ ಬಂದಿತ್ತಲ್ಲ, ಇವತ್ತು ಒಂದೇ ಬಂದೈತೆ, ಸರಿನಾ?" ಇಟ್ಟೆ. ಇನ್ನೊಂದು. "ನೀವ್ಯಾರು ಮಾತಾಡೋದು? ಅಕ್ಕಂಗೆ ಕೊಡಿ." ಗಂಟಲು ಸರಿಯಿಲ್ಲ, ಮಾತಾಡುವ ಹಾಗಿಲ್ಲ ಎಂದರೆ ಯಾರಿಗೂ ನಂಬಿಕೆಯಿಲ್ಲ. "ಅಕ್ಕ ಮಾತಾಡ್ತಿಲ್ವಾ? ಸುಮ್ನಿರಮ್ಮ!" ಎಂದು ಒಬ್ಬ ನಕ್ಕೇಬಿಟ್ಟ. ಅಷ್ಟು ಸಹಿ, ಅಷ್ಟು ಗುಟ್ಟು, ಎಲ್ಲ ಎರಡು ಸರ್ವರುಗಳ ನಡುವೆಯೇ ಉಳಿದಿತ್ತು. ರೈತರ ಪಾಲಿಗೆ ಸಹಿ ಎಂದರೆ ಅಕ್ಕನ ಬೈಗುಳ. ಅದಿಲ್ಲದ ಸುದ್ದಿ ಸುದ್ದಿಯೇ ಅಲ್ಲ.

ಅದು ಸ್ಪಷ್ಟವಾಗಿ ಗೊತ್ತಾದದ್ದು ಚನ್ನರಾಯಪಟ್ಟಣದ ತಾತನ ಫೋನು ಬಂದಾಗ. ಅಕ್ಕನಿಗೂ ಕೇಳಿಸಲೆಂದು ನಾನು ಸ್ಪೀಕರ್ ಹಾಕಿದ್ದೆ.

"ತಾತ, ಹುಳುಮನೆಗೆ ಬ್ಲೀಚಿಂಗ್ ಹೊಡೆದ್ರಾ?"

"ಇಲ್ಲವಮ್ಮ. ಆಯಮ್ಮ ಬೈದಿಲ್ವಲ್ಲ. ಆಯಮ್ಮ ಬೈದ್ರೇನೇ ಹುಳ ಬತ್ತದೆ ಅಂತ ಲೆಕ್ಕ ನಂದು. ಇನ್ನೂ ಟೈಮ್ ಐತೆ ಅಂದ್ಕೊಂಡೆ."

ಟೈಮ್ ಇರಲಿಲ್ಲ. ಇವತ್ತೇ ಹೊಡೀರಿ ಎಂದು ನಾನೆಂದರೆ, ಆಯಮ್ಮನೇ ಹೇಳಲಿ ಎಂದರು. ಆ ದಿನವೇ ತೊಳೆದು ಮದ್ದು ಹೊಡೆದು ಮನೆ ಆರಲು ಬಿಡದಿದ್ದರೆ, ಕಳೆದ ಬೆಳೆಯ ರೋಗ ಗೋಡೆಯಲ್ಲೇ ಕಾದಿರುತ್ತದೆ. ಎಳೆ ಹುಳು ಹೋಗಿ ಅದರ ಬಾಯಿಗೆ ಬೀಳುತ್ತದೆ. ಅಕ್ಕನ ಮುಖ ಕೆಂಪಾಯಿತು. ಕುತ್ತಿಗೆಯ ನರ ಉಬ್ಬಿತು. ಎದೆ ತುಂಬ ಉಸಿರೆಳೆದುಕೊಂಡಳು. ಆ ಉಸಿರಿನ ಅರ್ಥ ಇಪ್ಪತ್ತು ವರ್ಷದಿಂದ ನನಗೆ ಗೊತ್ತು. ಹಾರಿಹೋಗಿ ಅವಳ ಬಾಯಿಗೆ ಕೈ ಅಡ್ಡ ಇಟ್ಟೆ. ಕಚ್ಚಿದಳು. ಸುಳ್ಳಲ್ಲ, ಹಲ್ಲಿನ ಗುರುತು ಮೂರು ದಿನ ಇತ್ತು.

"ಅಕ್ಕ, ಬೇಡ! ಈ ಒಂದು ಬೈಗುಳಕ್ಕೆ ಜನ್ಮಪೂರ್ತಿ ದನಿ ಕಳ್ಕೊಳ್ತೀಯಾ?"

ಅವಳ ಕಣ್ಣಲ್ಲಿ ನೀರು ನಿಂತಿತು. ಸ್ಲೇಟು ಎಳೆದುಕೊಂಡು ಸೀಮೆಸುಣ್ಣ ಮುರಿಯುವ ಹಾಗೆ ಬರೆದಳು: "ಹುಳ ಸಾಯ್ತವೆ."

ನನಗೂ ಅಳು ಬಂತು. ಕೋಡಿನಲ್ಲಿ ಎಲ್ಲ ಸರಿಯಿತ್ತು, ಹಸಿರು ಗುರುತು ಹಾಗೇ ಹೊಳೆಯುತ್ತಿತ್ತು. ಆ ಹಸಿರಿನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ತಾತನ ಫೋನು ಇಟ್ಟಿದ್ದೆನಷ್ಟೇ, ಅಕ್ಕನ ಫೋನು ಮತ್ತೆ ಬಡಿದುಕೊಂಡಿತು. ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಭಾವ. ಅಕ್ಕ ನೋಡಿ ಕಟ್ ಮಾಡಿದಳು. ನಮ್ಮ ಮನೆಯಲ್ಲಿ ಇದು ಹಳೆಯ ರೂಢಿ. ತೋಟದಿಂದ ಭಾವ ರಿಂಗ್ ಕೊಟ್ಟರೆ "ಊಟಕ್ಕೆ ಬರಲಾ" ಎಂದು, ಅಕ್ಕ ಕಟ್ ಮಾಡಿದರೆ "ರೆಡಿ ಇದೆ, ಬಾ" ಎಂದು. ಫೋನು ಎತ್ತುವುದೇ ಇಲ್ಲ. ನಮ್ಮ ಮನೆಯೇನು, ಈ ಕಡೆ ಎಲ್ಲರ ಮನೆಯಲ್ಲೂ ಇಂಥದ್ದೊಂದು ಇದೆ.

ಅಕ್ಕ ಫೋನನ್ನು ನೋಡಿದಳು. ನನ್ನನ್ನು ನೋಡಿದಳು. ಸ್ಲೇಟು ಒರೆಸಿ ಬರೆದಳು: "ನಂಗೆ ರಿಂಗ್ ಕೊಡ್ಲಿ. ಕಟ್ ಮಾಡ್ತೀನಿ. ಕಟ್ ಮಾಡಿದ್ರೆ ನಿಜ."

ಇದೆಂಥ ಸಿಸ್ಟಮ್ ಎಂದು ಒಂದು ಕ್ಷಣ ಮೂಗು ಮುರಿದೆ. ಆಮೇಲೆ ಹೊಳೆಯಿತು, ಇದೂ 200. ಕೇಳಿದವರಿಗೆ "ಮುಟ್ಟಿತು" ಎಂಬ ಉತ್ತರ. ಹುಡುಗಿಗೆ ಹೇಳಿ ಮೆಸೇಜಿನ ಕೊನೆಗೆ ಒಂದು ಸಾಲು ಸೇರಿಸಿ ಅರವತ್ತೂ ಜನಕ್ಕೆ ಮತ್ತೆ ಕಳಿಸಿದೆವು: "ನಿಜವೋ ಸುಳ್ಳೋ ಎಂದು ಅನುಮಾನವಿದ್ದರೆ ಅಕ್ಕನಿಗೆ ರಿಂಗ್ ಕೊಡಿ. ಅಕ್ಕ ಕಟ್ ಮಾಡಿದರೆ ನಿಜ. ತಕ್ಷಣ ಹುಳುಮನೆ ತೊಳೆದು ಬ್ಲೀಚಿಂಗ್ ಹೊಡೆಯಿರಿ."

ಹತ್ತು ನಿಮಿಷದಲ್ಲಿ ಫೋನು ಬಡಿದುಕೊಳ್ಳಲು ಶುರುವಾಯಿತು. ಅಕ್ಕ ರಾಣಿಯ ಹಾಗೆ ಕುರ್ಚಿಯಲ್ಲಿ ಕೂತು ಕಟ್ ಮಾಡತೊಡಗಿದಳು. ರಿಂಗ್, ಕಟ್. ರಿಂಗ್, ಕಟ್. ತಾತನದು ಬಂದಾಗ ಕಟ್ ಮಾಡಿದಳು. ತೃಪ್ತಿಯಾಗಲಿಲ್ಲ. ತಾನೇ ರಿಂಗ್ ಕೊಟ್ಟು ಕಟ್ ಮಾಡಿದಳು. ಮತ್ತೆ ಕೊಟ್ಟಳು, ಮತ್ತೆ ಕಟ್. ಹೀಗೆ ಐದು ಸಲ. ಎಷ್ಟು ಜೋರಾಗಿ ಬೆರಳು ಒತ್ತಿದಳೆಂದರೆ, ಅದು ಬೈಗುಳವೇ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ತಾತನಿಗೂ ಉಳಿಯಲಿಲ್ಲ. ಸಂಜೆಯೊಳಗೆ ಅವರ ಮೊಮ್ಮಗಳು ಫೋಟೋ ಕಳಿಸಿದಳು. ಮೂಗಿಗೆ ಟವೆಲ್ ಕಟ್ಟಿಕೊಂಡ ತಾತ, ಕೈಯಲ್ಲಿ ಸ್ಪ್ರೇಯರ್, ಹಿಂದೆ ಬೆಳ್ಳಗಾದ ಗೋಡೆ.

ವ್ಯಾನು ಹೊರಡುವ ಹಿಂದಿನ ದಿನ ಗುಂಪಿನ ಸರ್ವರ್ ಅರ್ಧ ಗಂಟೆ ಮಲಗಿಬಿಟ್ಟಿತು. ನನ್ನ ಪರದೆಯಲ್ಲಿ ಕೆಂಪು ಗುರುತು. ಲೈಬ್ರರಿ ಹತ್ತು ಸೆಕೆಂಡಿಗೆ ಕೇಳಿತು, ನಿಮಿಷಕ್ಕೆ ಕೇಳಿತು, ಐದು ನಿಮಿಷಕ್ಕೆ ಕೇಳಿತು. ಅಕ್ಕ ಬಟನ್ ಮುಟ್ಟದೆ, ಕೈಕಟ್ಟಿ ನನ್ನ ಪಕ್ಕದಲ್ಲೇ ಕೂತಿದ್ದಳು. ನಾಲ್ಕನೇ ಸಲಕ್ಕೆ ಹಸಿರಾದಾಗ ನನ್ನ ತೊಡೆಗೊಂದು ಏಟು ಕೊಟ್ಟಳು. ಹುಳುಗಳು ಅರವತ್ತು ಮನೆಗೂ ನೆಮ್ಮದಿಯಾಗಿ ಹೋದವು.

ಆ ತಿಂಗಳು ಇನ್ನೆರಡು ಬ್ಯಾಚು ಅದೇ ರೀತಿಯಲ್ಲಿ ನಡೆದವು. ಜನ ಎಷ್ಟು ಬೇಗ ಪಳಗಿದರೆಂದರೆ, ಒಂದೇ ರಿಂಗಿಗೆ ಅಕ್ಕ ಕಟ್ ಮಾಡಿದರೆ ಅವಳ ಮನಸ್ಸು ಹಗುರವಾಗಿದೆ, ನಾಲ್ಕು ರಿಂಗ್ ಬಿಟ್ಟು ಮಾಡಿದರೆ ಕೋಪವಿದೆ ಎಂದು ಅರ್ಥ ಹಚ್ಚತೊಡಗಿದರು. ಅಕ್ಕನಿಗೆ ಅದು ಗೊತ್ತಾಗಿ, ಬೇಕೆಂದೇ ಕೆಲವರಿಗೆ ಆರು ರಿಂಗ್ ಬಿಡುತ್ತಿದ್ದಳು. ಆದರೆ ಸಂಜೆ ಮೆಟ್ಟಿಲ ಮೇಲೆ ಒಬ್ಬಳೇ ಕೂತಾಗ ಗಂಟಲನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿಕೊಳ್ಳುವುದನ್ನು ನಾನು ನೋಡಿದ್ದೇನೆ.

ತಿಂಗಳು ತುಂಬಿದ ದಿನ ಮತ್ತೆ ದೇವನಹಳ್ಳಿ. ಡಾಕ್ಟರು ಕೊಳವೆ ಬಿಟ್ಟು ನೋಡಿ ನಕ್ಕರು. ಗಂಟು ಕರಗಿವೆ. "ಆ ಅನ್ನಿ" ಎಂದರು. ಅಕ್ಕ ಅಂದಳು. ತೆಳ್ಳಗೆ, ಒಡಕಾಗಿ ಏನೋ ಬಂತು. ಸಾಕು, ಇನ್ನು ನಿಧಾನವಾಗಿ ಮಾತಾಡಬಹುದು, ಕೂಗಬೇಡಿ, ದಿನಕ್ಕೆ ಇಷ್ಟೇ ಹೊತ್ತು ಎಂದು ಹೇಳಿ ಕಳಿಸಿದರು.

ಬಸ್ಸಿನಲ್ಲಿ ಅವಳು ಮಾತಾಡಲಿಲ್ಲ. ಇಳಿದು ತೋಟದ ದಾರಿ ಹಿಡಿದರೂ ಮಾತಾಡಲಿಲ್ಲ. "ಯಾಕಕ್ಕ? ಡಾಕ್ಟರೇ ಹೇಳಿದ್ರಲ್ಲ," ಎಂದೆ. ಚೀಲದಿಂದ ಸ್ಲೇಟು ತೆಗೆದು ಒಂದೇ ಪದ ಬರೆದಳು. "ಭಯ."

ನಾನು ಅವಳ ಕೈ ಹಿಡಿದುಕೊಂಡೆ. ಆ ಒಡಕು ದನಿಯೇ ಉಳಿದುಬಿಟ್ಟರೆ ಎಂದು ನನಗೂ ಭಯವಾಗಿತ್ತು.

ಕೇಂದ್ರಕ್ಕೆ ಬಂದು, ಕೈ ತೊಳೆದು, ಟ್ರೇಗಳನ್ನು ನೋಡಿದಳು. ಆಮೇಲೆ ಕುರ್ಚಿಯಲ್ಲಿ ಕೂತು ಫೋನು ತೆಗೆದು ಚನ್ನರಾಯಪಟ್ಟಣದ ತಾತನಿಗೆ ರಿಂಗ್ ಮಾಡಿದಳು. ಎರಡು ರಿಂಗ್ ಆಯಿತು. ತಾತ ಕಟ್ ಮಾಡಿದರು. ಮತ್ತೆ ಮಾಡಿದಳು. ಮತ್ತೆ ಕಟ್. ಸುದ್ದಿ ಮುಟ್ಟಿತು, ಆಯ್ತು ತಾಯಿ ಎಂದು ಅವರ ಉತ್ತರ.

ಅಕ್ಕ ಫೋನನ್ನೇ ನೋಡುತ್ತಾ ಕೂತಳು. ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ನಗು ದನಿಯಾಗಿ ಹೊರಬಿತ್ತು, ಮೊದಲಿಗಿಂತ ದಪ್ಪ, ಸ್ವಲ್ಪ ಒರಟು, ಆದರೆ ಅವಳದೇ.

"ಲೇ," ಎಂದಳು. "ಆ ಯಜಮಾನ್ರಿಗೊಂದು ಮೆಸೇಜ್ ಹಾಕೇ. ಫೋನ್ ಎತ್ತಿ ಅಂತ."

ಕಣ್ಣು ಮಂಜಾಗಿ ನನಗೆ ಕೀಬೋರ್ಡೇ ಕಾಣಲಿಲ್ಲ. ಹೇಗೋ ಬರೆದೆ: "ಅಕ್ಕನ ಫೋನ್ ಎತ್ತಿ." ತಾತನೊಬ್ಬರಿಗೇ ಹೋಗುವ ಹಾಗೆ ಅವರ ನಂಬರ್ ಹಾಕಿ ಕಳಿಸಿದೆ. ಸಾಲಿನಲ್ಲಿ ನಿಂತಿತು, ಸಹಿ ಬಿತ್ತು, ಹೋಯಿತು. 200.

ಫೋನು ಬಡಿದುಕೊಂಡಿತು. ಅಕ್ಕ ಎತ್ತಿದಳು. "ಹಲೋ," ಎಂದಳು, ಮೆತ್ತಗೆ.

ಆ ಕಡೆಯಿಂದ ತಾತನ ದನಿ ಬಂತು.

"ಬೈಯಿ ತಾಯಿ. ಒಂದು ತಿಂಗಳಾಯ್ತು."

"ಯಜಮಾನ್ರೇ, ಹುಳುಮನೆ ತೊಳೆದ್ರಾ?"

"ತೊಳೆದೆ ತಾಯಿ."

"ಸುಳ್ಳು."

"ಹೂಂ, ಸುಳ್ಳೇ. ಈಗ ತೊಳೀತೀನಿ."